ಸುಂಕದ ಕಟ್ಟೆಯಿಂದ ತರಗತಿಗೆ: ಅಮೆರಿಕ–ಚೀನಾ ಇತಿಹಾಸದ ಪ್ರಾಧ್ಯಾಪಕರ ಕೆಲಸ ಏನು?

2025ರ ಏಪ್ರಿಲ್‌ನಲ್ಲಿ ಅಮೆರಿಕ ಚೀನಾದ ಸರಕಿನ ಮೇಲೆ ಶೇ 145ರವರೆಗೆ ಸುಂಕ ಏರಿಸಿತು. ಚೀನಾ ತಿರುಗಿ ಶೇ 125 ಹಾಕಿತು. ಮೇ ತಿಂಗಳಲ್ಲಿ ಜಿನೀವಾದಲ್ಲಿ ಕೂತು ಮಾತಾಡಿ ಇಬ್ಬರೂ ಇಳಿಸಿಕೊಂಡರು. ಆ ಕೆಲವು ವಾರ ಟಿ.ವಿ. ಚರ್ಚೆಗಳಲ್ಲಿ ‘ಚೀನಾ ತಜ್ಞರು’ ಎಂಬ ಪಟ್ಟಿಯ ಕೆಳಗೆ ಕಂಡ ಮುಖಗಳಲ್ಲಿ ಅರ್ಥಶಾಸ್ತ್ರಜ್ಞರಿದ್ದರು, ಮಾಜಿ ರಾಯಭಾರಿಗಳಿದ್ದರು, ಜೊತೆಗೆ ಇತಿಹಾಸದ ಪ್ರಾಧ್ಯಾಪಕರೂ ಇದ್ದರು. ಇತಿಹಾಸದ ಮೇಷ್ಟ್ರಿಗೂ ಈ ಹೊತ್ತಿನ ಸುಂಕಕ್ಕೂ ಎಲ್ಲಿಂದೆಲ್ಲಿಯ ನಂಟು ಅನ್ನಿಸುವುದು ಸಹಜ.

ನಂಟು ಇದೆ, ಅದೂ ನೇರವಾಗಿ. ಆಧುನಿಕ ಚೀನಾದ ಇತಿಹಾಸವನ್ನು ಅಮೆರಿಕದಲ್ಲಿ ಒಂದು ವೃತ್ತಿಯಾಗಿ ಕಟ್ಟಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಹಾರ್ವರ್ಡ್‌ನ ಜಾನ್ ಕಿಂಗ್ ಫೇರ್‌ಬ್ಯಾಂಕ್ (1907–1991). ಅವರ ಡಾಕ್ಟರೇಟ್ ಪ್ರಬಂಧದ ವಿಷಯವೇ ಚೀನಾದ ಸುಂಕದ ಕಟ್ಟೆ. ಅವರ ವೃತ್ತಿಜೀವನವನ್ನು ಬಿಚ್ಚಿ ನೋಡಿದರೆ ಈ ಬಗೆಯ ಪ್ರಾಧ್ಯಾಪಕರು ಏನು ಓದುತ್ತಾರೆ, ಹೇಗೆ ಪಾಠ ಹೇಳುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದೆಲ್ಲ ಗೊತ್ತಾಗುತ್ತದೆ.

ಈ ವಿಷಯದೊಳಗೆ ಏನೇನು ಬರುತ್ತದೆ

ಅಮೆರಿಕ–ಚೀನಾ ಸಂಬಂಧದ ಇತಿಹಾಸ ಅಂದಕೂಡಲೇ ಅಧ್ಯಕ್ಷರಿಬ್ಬರು ಕೈಕುಲುಕುವ ಚಿತ್ರ ಕಣ್ಣಿಗೆ ಬರುತ್ತದೆ. ಅದು ಈ ವಿಷಯದ ತೀರಾ ಸಣ್ಣ ಪಾಲು. ಕಥೆ ಶುರುವಾಗುವುದು ವ್ಯಾಪಾರದಿಂದ. 1784ರ ಫೆಬ್ರುವರಿಯಲ್ಲಿ ‘ಎಂಪ್ರೆಸ್ ಆಫ್ ಚೈನಾ’ ಎಂಬ ಹಡಗು ಜಿನ್‌ಸೆಂಗ್ ಎಂಬ ಔಷಧಿ ಬೇರು ತುಂಬಿಕೊಂಡು ನ್ಯೂಯಾರ್ಕಿನಿಂದ ಹೊರಟು, ಆಗಸ್ಟ್‌ನಲ್ಲಿ ಕ್ಯಾಂಟನ್ ಮುಟ್ಟಿತು. ಬರುವಾಗ ಚಹಾ, ರೇಷ್ಮೆ, ಪಿಂಗಾಣಿ ತಂದಿತು. ಆಮೇಲೆ ತುಪ್ಪುಳದ ಚರ್ಮ ಹೋಯಿತು, ಶ್ರೀಗಂಧ ಹೋಯಿತು. ಮೈಸೂರು–ಮಲಬಾರ್ ಕಡೆಯ ಗಂಧಕ್ಕೆ ಕ್ಯಾಂಟನ್ ಪೇಟೆಯಲ್ಲಿ ಹಳೆಯ ಗಿರಾಕಿಯಿತ್ತು. ಅಮೆರಿಕದ ವ್ಯಾಪಾರಿಗಳು ಹವಾಯಿ ದ್ವೀಪಗಳ ಗಂಧದ ಮರ ಕಡಿದು ಅದೇ ಪೇಟೆಗೆ ಒಯ್ದರು. ಬಂಗಾಳ, ಮಾಳವದ ಅಫೀಮು ಚೀನಾಕ್ಕೆ ಹೋದ ಕಥೆ ಗೊತ್ತಿರುವಂಥದ್ದೇ.

ವ್ಯಾಪಾರಿಗಳ ಹಿಂದೆ ಮಿಷನರಿಗಳು ಹೋದರು. ಅತ್ತಲಿಂದ ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗೆ, ರೈಲು ಹಳಿಯ ಕೆಲಸಕ್ಕೆ ಚೀನೀ ಕೂಲಿಗಳು ಬಂದರು. 1882ರಲ್ಲಿ ಅಮೆರಿಕ ಚೀನೀ ಕಾರ್ಮಿಕರ ಪ್ರವೇಶವನ್ನೇ ಕಾನೂನಿನಿಂದ ತಡೆಯಿತು. ಆ ಕಾನೂನು ರದ್ದಾದದ್ದು 1943ರಲ್ಲಿ. ಹೀಗಾಗಿ ಈ ವಿಷಯದ ಪ್ರಾಧ್ಯಾಪಕರು ರಾಜತಂತ್ರದ ಜೊತೆಗೆ ಹಡಗಿನ ಲೆಕ್ಕಪುಸ್ತಕ, ಚರ್ಚಿನ ಪತ್ರ, ವಲಸೆ ಕಚೇರಿಯ ದಾಖಲೆಗಳನ್ನೂ ಓದಬೇಕಾಗುತ್ತದೆ.

ಸುಂಕದ ಕಟ್ಟೆ ಯಾರ ಕೈಯಲ್ಲಿತ್ತು

ಮೊದಲ ಅಫೀಮು ಯುದ್ಧದಲ್ಲಿ ಸೋತ, ಆಗ ಚೀನಾವನ್ನು ಆಳುತ್ತಿದ್ದ ಚಿಂಗ್ ಸಾಮ್ರಾಜ್ಯ 1842ರಲ್ಲಿ ಬ್ರಿಟನ್ ಜೊತೆ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಹಾಕಿತು. ಗುವಾಂಗ್‌ಝೌ (ಆಗಿನವರ ಬಾಯಲ್ಲಿ ಕ್ಯಾಂಟನ್), ಶಿಯಾಮೆನ್, ಫುಝೌ, ನಿಂಗ್ಬೋ, ಶಾಂಘೈ ಎಂಬ ಐದು ಬಂದರುಗಳನ್ನು ತೆರೆಯಬೇಕಾಯಿತು. ಎರಡು ವರ್ಷದ ನಂತರ, 1844ರ ಜುಲೈ 3ರಂದು, ಮಕಾವ್ ಬಳಿಯ ವಾಂಗ್‌ಶಿಯಾ ಹಳ್ಳಿಯಲ್ಲಿ ಅಮೆರಿಕದ ಕೇಲಬ್ ಕುಶಿಂಗ್ ಮತ್ತು ಚಿಂಗ್ ಅಧಿಕಾರಿ ಚೀಯಿಂಗ್ ಎರಡು ದೇಶಗಳ ಮೊದಲ ಒಪ್ಪಂದಕ್ಕೆ ಸಹಿ ಮಾಡಿದರು.

ಈ ಒಪ್ಪಂದಗಳಲ್ಲಿ ಮೂರು ಪದಗಳು ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು ನಿಗದಿತ ಸುಂಕ: ಚೀನಾ ತನ್ನ ಬಂದರಿನಲ್ಲಿ ತಾನೇ ಸುಂಕ ಏರಿಸುವಂತಿಲ್ಲ, ದರ ಒಪ್ಪಂದದಲ್ಲಿ ಬರೆದಷ್ಟೇ. ಅದು ಸುಮಾರಾಗಿ ಸರಕಿನ ಬೆಲೆಯ ಶೇ 5. ಎರಡನೆಯದು ಪರದೇಶದ ನ್ಯಾಯಾಧಿಕಾರ: ಅಮೆರಿಕದವನು ಶಾಂಘೈಯಲ್ಲಿ ತಪ್ಪು ಮಾಡಿದರೆ ವಿಚಾರಣೆ ನಡೆಸುವುದು ಅಲ್ಲಿರುವ ಅಮೆರಿಕದ ಸರ್ಕಾರಿ ಪ್ರತಿನಿಧಿ (ಕಾನ್ಸಲ್), ಚೀನೀ ನ್ಯಾಯಾಲಯವಲ್ಲ. ಮೂರನೆಯದು ‘ಪರಮಾಪ್ತ ರಾಷ್ಟ್ರ’. ಹಾಲಿನವನು ಪಕ್ಕದ ಮನೆಗೆ ಲೀಟರಿಗೆ ಎರಡು ರೂಪಾಯಿ ಬಿಟ್ಟರೆ ಕೇಳದೆಯೇ ನಮ್ಮ ಮನೆಗೂ ಬಿಡಬೇಕು ಎಂದು ಮೊದಲೇ ಬರೆಸಿಕೊಂಡ ಹಾಗೆ ಇದು. ಬ್ರಿಟನ್ ಯುದ್ಧ ಮಾಡಿ ಪಡೆದ ಸವಲತ್ತು ಅಮೆರಿಕಕ್ಕೆ ಒಂದು ಗುಂಡೂ ಹಾರಿಸದೆ ಸಿಕ್ಕಿತು.

1853ರಲ್ಲಿ ಶಾಂಘೈಯ ಚೀನೀ ಪೇಟೆಯನ್ನು ಬಂಡುಕೋರರು ಹಿಡಿದಾಗ ಸುಂಕದ ಕಚೇರಿ ಹಾಳಾಯಿತು, ವಸೂಲಿ ನಿಂತಿತು. ಅದಕ್ಕೆ ಕಂಡುಕೊಂಡ ಉಪಾಯವೇ ವಿಚಿತ್ರ: 1854ರ ಜುಲೈನಿಂದ ಬ್ರಿಟಿಷ್, ಅಮೆರಿಕನ್, ಫ್ರೆಂಚ್ ಹೀಗೆ ಒಬ್ಬೊಬ್ಬ ವಿದೇಶಿ ಇನ್‌ಸ್ಪೆಕ್ಟರ್ ಕೂತು ಚೀನಾ ಸರ್ಕಾರದ ಪರವಾಗಿ ವಿದೇಶಿ ವ್ಯಾಪಾರದ ಸುಂಕ ಲೆಕ್ಕ ಹಾಕತೊಡಗಿದರು. ಇದೇ ಬೆಳೆದು ಚೀನಾದ ಸಾಗರ ಸುಂಕ ಇಲಾಖೆಯಾಯಿತು. 1863ರಿಂದ 1911ರವರೆಗೆ ಅದರ ಮುಖ್ಯಸ್ಥರಾಗಿದ್ದವರು ಐರ್ಲೆಂಡಿನ ರಾಬರ್ಟ್ ಹಾರ್ಟ್. ಇಲಾಖೆ ಚೀನಾದ್ದು, ಸಂಬಳ ಚೀನಾದ್ದು, ಮೇಲಿನ ಕುರ್ಚಿಗಳೆಲ್ಲ ವಿದೇಶಿಯರವು. ಸುಂಕದ ದರ ನಿರ್ಧರಿಸುವ ಹಕ್ಕನ್ನು ಚೀನಾಕ್ಕೆ ಮರಳಿ ಒಪ್ಪಿಕೊಟ್ಟ ದೇಶಗಳಲ್ಲಿ ಮೊದಲಿಗೆ ಬಂದದ್ದು ಅಮೆರಿಕ, 1928ರ ಜುಲೈನ ಒಪ್ಪಂದದಲ್ಲಿ. ಚೀನಾದ ಶಾಲಾಪಠ್ಯದಲ್ಲಿ ಈ ಅವಧಿಗೆ ‘ಅಸಮಾನ ಒಪ್ಪಂದಗಳ’ ಕಾಲ ಎಂದು ಹೆಸರು. ಸುಂಕ ಎಂಬ ಪದಕ್ಕೆ ಅಲ್ಲಿ ಬಜೆಟ್ಟಿನ ಅಂಕಿಗಿಂತ ಹೆಚ್ಚಿನ ತೂಕ ಬಂದದ್ದು ಹೀಗೆ.

ಸೌತ್ ಡಕೋಟದಿಂದ ಬೀಜಿಂಗಿಗೆ

ಫೇರ್‌ಬ್ಯಾಂಕ್ ಹುಟ್ಟಿದ್ದು ಸೌತ್ ಡಕೋಟ ರಾಜ್ಯದ ಹ್ಯೂರನ್ ಎಂಬ ಊರಿನಲ್ಲಿ. ಹಾರ್ವರ್ಡ್‌ನಲ್ಲಿ ಪದವಿ ಮುಗಿಸಿ 1929ರಲ್ಲಿ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ಗೆ ಹೋದರು. ಚೀನಾದ ಕಡೆ ತಿರುಗಲು ಕಾರಣ ಒಂದು ದಾಖಲೆಗಳ ಸಂಪುಟ. ಚಿಂಗ್ ಆಸ್ಥಾನದ ವಿದೇಶ ವ್ಯವಹಾರದ ಪತ್ರಗಳು ಆಗಷ್ಟೇ ಬೀಜಿಂಗಿನಲ್ಲಿ ಅಚ್ಚಾಗಿದ್ದವು. ಮೂವರು ಚಕ್ರವರ್ತಿಗಳ ಕಾಲದ 260 ಅಧ್ಯಾಯಗಳ ರಾಶಿ. ಅಲ್ಲಿಯವರೆಗೆ ಈ ಯುದ್ಧ–ಒಪ್ಪಂದಗಳ ಕಥೆಯನ್ನು ಪಶ್ಚಿಮದವರು ಬರೆದದ್ದು ಬಹುಪಾಲು ಲಂಡನ್ನಿನ ಕಡತ ನೋಡಿ. ಇನ್ನೊಂದು ಕಡೆಯ ಕಾಗದವೂ ಈಗ ಸಿಗುತ್ತದೆ ಎಂಬ ಸುಳಿವನ್ನು ಬ್ರಿಟಿಷ್ ಇತಿಹಾಸಕಾರ ಚಾರ್ಲ್ಸ್ ವೆಬ್‌ಸ್ಟರ್ ಕೊಟ್ಟರು. ಸುಂಕ ಇಲಾಖೆಯಿಂದ ನಿವೃತ್ತರಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಹೊಸಿಯಾ ಮೋರ್ಸ್ ವಿಷಯದ ಒಳಹೊರಗು ಹೇಳಿಕೊಟ್ಟರು.

1932ರಲ್ಲಿ ಬೀಜಿಂಗಿಗೆ ಹೋಗಿ ಭಾಷೆ ಕಲಿಯಲು ಕೂತರು. ಅಲ್ಲೇ ವಿಲ್ಮಾ ಕ್ಯಾನನ್ ಅವರೊಂದಿಗೆ ಮದುವೆಯಾಯಿತು. ಚಿಂಗ್‌ಹುವಾ ವಿಶ್ವವಿದ್ಯಾಲಯದ ಇತಿಹಾಸಕಾರ ಜಿಯಾಂಗ್ ತಿಂಗ್‌ಫು ಆಸ್ಥಾನದ ಪತ್ರಗಳನ್ನು ಓದುವ ದಾರಿ ತೋರಿಸಿದರು. ವಿದ್ಯಾರ್ಥಿವೇತನ ಮುಗಿದ ಮೇಲೆ ಫೇರ್‌ಬ್ಯಾಂಕ್ ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ವಾಸ್ತುಶಿಲ್ಪದ ವಿದ್ವಾಂಸ ದಂಪತಿ ಲಿಯಾಂಗ್ ಸಿಚೆಂಗ್ ಮತ್ತು ಲಿನ್ ಹುಯಿಯಿನ್ ಆಪ್ತ ಗೆಳೆಯರಾದರು. 1936ರಲ್ಲಿ ಆಕ್ಸ್‌ಫರ್ಡ್ ಡಾಕ್ಟರೇಟ್ ಸಿಕ್ಕಿತು, ಅದೇ ವರ್ಷ ಹಾರ್ವರ್ಡ್‌ನಲ್ಲಿ ಕೆಲಸವೂ ಸಿಕ್ಕಿತು. ಆದರೆ ಪ್ರಬಂಧವನ್ನು ತಿದ್ದಿ, ಬೆಳೆಸಿ ಪುಸ್ತಕ ಮಾಡಿದ್ದು 1953ರಲ್ಲಿ. ನಡುವಿನ ಹದಿನೇಳು ವರ್ಷದಲ್ಲಿ ಒಂದು ಮಹಾಯುದ್ಧ, ಒಂದು ಕ್ರಾಂತಿ ಬಂದುಹೋಗಿದ್ದವು.

ಒಂದು ಕಾಗದವನ್ನು ಓದುವುದು ಹೇಗೆ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಈ ವೃತ್ತಿಯ ಕಸುಬು ಇರುವುದೇ ಇಲ್ಲಿ.

ಗುವಾಂಗ್‌ಝೌದ ಅಧಿಕಾರಿ ಚಕ್ರವರ್ತಿಗೆ ಬರೆದ ಬಿನ್ನಹ ಪತ್ರವೊಂದು ಎದುರಿಗಿದೆ ಎನ್ನಿ. ಉದ್ದನೆಯ ಕಾಗದವನ್ನು ಹಾರ್ಮೋನಿಯಂ ತಿದಿಯ ಹಾಗೆ ಮಡಚಿದೆ. ಅಕ್ಷರ ಮೇಲಿನಿಂದ ಕೆಳಕ್ಕೆ, ಸಾಲು ಬಲದಿಂದ ಎಡಕ್ಕೆ. ವಿರಾಮ ಚಿಹ್ನೆ ಒಂದೂ ಇಲ್ಲ. ಅಧಿಕಾರಿಯ ಬರಹ ಕಪ್ಪು ಶಾಯಿಯಲ್ಲಿ. ಕೆಂಪು ಶಾಯಿಯಲ್ಲಿರುವುದು ಚಕ್ರವರ್ತಿಯ ಷರಾ. ಚಕ್ರವರ್ತಿಗೆ ಸಂಬಂಧಿಸಿದ ಪದ ಬಂದಾಗಲೆಲ್ಲ ಸಾಲನ್ನು ಅರ್ಧಕ್ಕೇ ನಿಲ್ಲಿಸಿ, ಮುಂದಿನ ಸಾಲಿನಲ್ಲಿ ಆ ಪದವನ್ನು ಉಳಿದವುಗಳಿಗಿಂತ ಮೇಲಕ್ಕೆತ್ತಿ ಬರೆದಿರುತ್ತದೆ. ಹೊಸಬರು ಅದನ್ನು ಹೊಸ ಪ್ಯಾರಾ ಎಂದು ತಿಳಿದು ವಾಕ್ಯವನ್ನು ತುಂಡರಿಸಿಬಿಡುತ್ತಾರೆ.

ಎರಡನೆಯ ಕಷ್ಟ ಉಲ್ಲೇಖದೊಳಗಿನ ಉಲ್ಲೇಖ. ನಮ್ಮ ತಾಲ್ಲೂಕು ಕಚೇರಿಯ ಪತ್ರದಲ್ಲಿ ‘ಉಲ್ಲೇಖ 1’, ‘ಉಲ್ಲೇಖ 2’ ಎಂದು ಪಟ್ಟಿ ಮಾಡುತ್ತಾರಲ್ಲ, ಅಲ್ಲಿ ಆ ಪತ್ರಗಳ ಒಕ್ಕಣೆಯನ್ನೇ ಒಂದರ ಹೊಟ್ಟೆಯಲ್ಲಿ ಇನ್ನೊಂದಿಟ್ಟು ನಕಲು ಮಾಡುತ್ತಿದ್ದರು. ಮಾತು ಯಾರದ್ದು ಎಂದು ತಿಳಿಯುವುದು ಉಲ್ಲೇಖದ ಕೊನೆಗೆ ಬರುವ ಎರಡಕ್ಷರದ ಗುರುತಿನಿಂದ. ಮೇಲಧಿಕಾರಿಯ ಅಥವಾ ಸಮಾನನ ಮಾತು ಮುಗಿದರೆ ‘ದಂಗ್‌ಯಿನ್’, ಕೆಳಗಿನವನ ಮಾತು ಮುಗಿದರೆ ‘ದಂಗ್‌ಚಿಂಗ್’. ಇದನ್ನು ಗಮನಿಸದಿದ್ದರೆ ಅಮೆರಿಕದ ಕಾನ್ಸಲ್ ಹೇಳಿದ್ದನ್ನು ಪ್ರಾಂತ್ಯಾಧಿಕಾರಿಯ ಸ್ವಂತ ಅಭಿಪ್ರಾಯ ಎಂದು ಓದಿಬಿಡುವ ಅಪಾಯವಿದೆ. ಕೆಂಪು ಷರಾ ಎಷ್ಟೋ ಸಲ ಮೂರೇ ಅಕ್ಷರ: ‘ಝಿ ದಾವ್ ಲ’, ಅಂದರೆ ‘ತಿಳಿಯಿತು’. ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ‘ಸಂಬಂಧಪಟ್ಟ ಮಂಡಳಿ ಚರ್ಚಿಸಿ ವರದಿ ಮಾಡಲಿ’ ಎಂದಿದ್ದರೆ ಕಥೆ ಮುಂದುವರಿದಿದೆ, ಮುಂದಿನ ಕಾಗದ ಹುಡುಕಬೇಕು.

ತಾರೀಖಿನದ್ದು ಬೇರೆಯೇ ಲೆಕ್ಕ. ವಾಂಗ್‌ಶಿಯಾ ಒಪ್ಪಂದದ ಚೀನೀ ಪ್ರತಿಯಲ್ಲಿ 1844ರ ಜುಲೈ 3 ಎಂದಿಲ್ಲ. ದಾವ್‌ಗುವಾಂಗ್ ಆಳ್ವಿಕೆಯ 24ನೇ ವರ್ಷ, 5ನೇ ತಿಂಗಳು, 18ನೇ ದಿನ ಎಂದಿದೆ. ಶಾಸನದ ಶಕವರ್ಷ, ಮಾಸ, ತಿಥಿಗಳನ್ನು ಇಂಗ್ಲಿಷ್ ತಾರೀಖಿಗೆ ತರುವ ಕೆಲಸ ಬಲ್ಲವರಿಗೆ ಇದು ಅಪರಿಚಿತವಲ್ಲ. ನಮ್ಮ ಅಧಿಕ ಮಾಸದಂತೆ ಅಲ್ಲಿಯೂ ಕೆಲವು ವರ್ಷಕ್ಕೊಮ್ಮೆ ಒಂದು ತಿಂಗಳು ಎರಡು ಸಲ ಬರುತ್ತದೆ. ಅದನ್ನು ಮರೆತರೆ ಲೆಕ್ಕ ಸುಮಾರು 30 ದಿನ ಆಚೀಚೆ ಆಗಿ, ಉತ್ತರ ಪ್ರಶ್ನೆಗಿಂತ ಮುಂಚೆ ಬಂದಂತೆ ಕಾಣುತ್ತದೆ.

ಪತ್ರ ಬರೆದ ದಿನ ಒಂದು, ಮುಟ್ಟಿದ ದಿನ ಇನ್ನೊಂದು. ಫೇರ್‌ಬ್ಯಾಂಕ್ ಮತ್ತು ಅವರ ಸಹೋದ್ಯೋಗಿ ತೆಂಗ್ ಸ್ಸು‌-ಯು 1939ರಲ್ಲಿ ಪ್ರಕಟಿಸಿದ ಒಂದು ಇಡೀ ಪ್ರಬಂಧ ಇದರ ಮೇಲೆಯೇ ಇದೆ: ಚಿಂಗ್ ಅಂಚೆಯ ಕುದುರೆಗಳು ಎಷ್ಟು ವೇಗವಾಗಿ ಓಡುತ್ತಿದ್ದವು? ಪತ್ರದ ತುರ್ತಿಗೆ ತಕ್ಕಂತೆ ದಿನಕ್ಕೆ 300 ಲೀ, 400 ಲೀ, ತೀರಾ ಅವಸರವಿದ್ದರೆ 600 ಲೀ ಎಂದು ಆಜ್ಞೆಯಿರುತ್ತಿತ್ತು; ಒಂದು ಲೀ ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು. ಗುವಾಂಗ್‌ಝೌದಿಂದ ಬೀಜಿಂಗಿಗೆ ಎರಡು–ಮೂರು ವಾರ, ಕೆಲವೊಮ್ಮೆ ತಿಂಗಳ ಮೇಲೆ. ಇತ್ತ ಕ್ಯಾಂಟನ್ನಿನಿಂದ ವಾಷಿಂಗ್ಟನ್ನಿಗೆ ಹಾಯಿ ಹಡಗಿನಲ್ಲಿ ನಾಲ್ಕೈದು ತಿಂಗಳು. ಇಬ್ಬರೂ ಹಳಸಿದ ಸುದ್ದಿಯ ಮೇಲೆ ಆಜ್ಞೆ ಹೊರಡಿಸುತ್ತಿದ್ದರು. ಯಾರಿಗೆ ಯಾವ ದಿನ ಏನು ಗೊತ್ತಿತ್ತು ಎಂಬ ಕೋಷ್ಟಕ ಹಾಕದೆ ‘ಮೋಸ’, ‘ವಿಳಂಬ ನೀತಿ’ ಎಂದೆಲ್ಲ ತೀರ್ಪು ಕೊಡುವುದು ಅವಸರದ ಕೆಲಸ.

ಕೊನೆಯದು ಪದ. ಚೀನೀ ಪತ್ರಗಳಲ್ಲಿ ವಿದೇಶಿಯರಿಗೆ ‘ಯಿ’ ಎಂಬ ಪದ ಬಳಸುತ್ತಿದ್ದರು. ಬ್ರಿಟಿಷರು ಅದನ್ನು ‘ಅನಾಗರಿಕ’ ಎಂದು ಅನುವಾದಿಸಿಕೊಂಡು ಸಿಟ್ಟಾದರು. 1858ರ ತಿಯಾಂಜಿನ್ ಒಪ್ಪಂದದ 51ನೇ ವಿಧಿಯಲ್ಲಿ, ಸರ್ಕಾರಿ ಪತ್ರಗಳಲ್ಲಿ ಬ್ರಿಟಿಷರಿಗೆ ಆ ಪದ ಬಳಸಕೂಡದು ಎಂದೇ ಬರೆಸಿದರು. ಅದು ಬೈಗುಳವೋ, ‘ಹೊರಗಿನವರು’ ಎಂಬಷ್ಟೇ ಅರ್ಥವೋ ಎಂಬ ವಾದ ಈಗಲೂ ಮುಗಿದಿಲ್ಲ. ಕನ್ನಡದ ‘ಪರದೇಶಿ’ ನೆನೆಸಿಕೊಳ್ಳಿ: ಒಮ್ಮೆ ವಿದೇಶದವನು, ಇನ್ನೊಮ್ಮೆ ದಿಕ್ಕಿಲ್ಲದವನು. ನಿಘಂಟು ಎರಡೂ ಅರ್ಥ ಕೊಡುತ್ತದೆ. ಆ ಪತ್ರದಲ್ಲಿ ಯಾವುದು ಎಂಬುದನ್ನು ಸಂದರ್ಭವೇ ಹೇಳಬೇಕು.

ಪಾಠ: ‘ಭತ್ತದ ಗದ್ದೆ’ ಮತ್ತು ಸೆಮಿನಾರ್

ಸಂಶೋಧನೆ ಅರ್ಧ, ಪಾಠ ಇನ್ನರ್ಧ. 1939ರಲ್ಲಿ ಫೇರ್‌ಬ್ಯಾಂಕ್ ಮತ್ತು ಜಪಾನ್ ವಿದ್ವಾಂಸ ಎಡ್ವಿನ್ ರೈಶಾವರ್ ಸೇರಿ ಪೂರ್ವ ಏಷ್ಯಾದ ಇತಿಹಾಸವನ್ನು ಪದವಿ ತರಗತಿಗೆ ತಂದರು. ಹುಡುಗರು ಅದಕ್ಕಿಟ್ಟ ಅಡ್ಡಹೆಸರು ‘ರೈಸ್ ಪ್ಯಾಡೀಸ್’, ಭತ್ತದ ಗದ್ದೆ. ಕೇಳುವವರಿಗೆ ಚೀನೀ ಭಾಷೆ ಬರುವುದಿಲ್ಲ, ಭೂಪಟದಲ್ಲಿ ಹಳದಿ ನದಿ ಎಲ್ಲಿದೆ ಎಂದೂ ಗೊತ್ತಿಲ್ಲ. ಇಂಥವರಿಗಾಗಿ ಇಂಗ್ಲಿಷಿನಲ್ಲಿ ಒಂದು ಪಠ್ಯವೂ ಸಿದ್ಧವಿರಲಿಲ್ಲ. ಪಾಠದ ಟಿಪ್ಪಣಿಗಳೇ ಬೆಳೆದು 1960 ಮತ್ತು 1965ರಲ್ಲಿ ಎರಡು ಸಂಪುಟಗಳ ಪಠ್ಯಪುಸ್ತಕವಾದವು. ರೈಶಾವರ್ 1961ರಲ್ಲಿ ಜಪಾನಿಗೆ ಅಮೆರಿಕದ ರಾಯಭಾರಿಯಾಗಿ ಹೋದರು.

ಸ್ನಾತಕೋತ್ತರ ಸೆಮಿನಾರಿನ ರೀತಿ ಬೇರೆ. ಅಲ್ಲಿ ಉಪನ್ಯಾಸವಿಲ್ಲ, ಮೇಜಿನ ಮೇಲೆ ಚಿಂಗ್ ದಾಖಲೆಯ ಪ್ರತಿ. ಮೇಲೆ ಹೇಳಿದ ಷರಾ, ಉಲ್ಲೇಖ, ತಾರೀಖುಗಳ ಕಸರತ್ತನ್ನು ಪದಕೋಶದ ಸಮೇತ ಕಲಿಸಲು ಅವರು 1952ರಲ್ಲಿ ಒಂದು ಕೈಪಿಡಿಯನ್ನೇ ಅಚ್ಚು ಹಾಕಿಸಿದರು. ವಿದ್ಯಾರ್ಥಿಗಳ ಸೆಮಿನಾರ್ ಪ್ರಬಂಧಗಳಲ್ಲಿ ಚೆನ್ನಾಗಿದ್ದವನ್ನು 1947ರಿಂದಲೇ ಸೈಕ್ಲೋಸ್ಟೈಲ್ ಮಾಡಿಸಿ ಬೇರೆ ಗ್ರಂಥಾಲಯಗಳಿಗೆ ಕಳಿಸುತ್ತಿದ್ದರು. ಇದು ಸಣ್ಣ ವಿಷಯದ ಹಾಗೆ ಕಾಣುತ್ತದೆ, ಅಲ್ಲ. ಪುಸ್ತಕವಾಗಲು ಹತ್ತು ವರ್ಷ ಹಿಡಿಯುವ ಕ್ಷೇತ್ರದಲ್ಲಿ ಇಪ್ಪತ್ತೈದರ ಹುಡುಗನ ಕೆಲಸ ಬೇರೆಯವರ ಕೈಗೆ ಆ ವರ್ಷವೇ ಸಿಕ್ಕುತ್ತಿತ್ತು. ಜೋಸೆಫ್ ಲೆವೆನ್‌ಸನ್, ಮೇರಿ ರೈಟ್, ಆಲ್ಬರ್ಟ್ ಫಾಯರ್‌ವರ್ಕರ್, ಫಿಲಿಪ್ ಕೂನ್, ಪಾಲ್ ಕೊಹೆನ್ ಇವರೆಲ್ಲ ಈ ಗರಡಿಯವರು. ಅವರು ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಹೋಗಿ ತಮ್ಮ ಸೆಮಿನಾರ್ ಹಚ್ಚಿದರು. 1955ರಲ್ಲಿ ಫೋರ್ಡ್ ಪ್ರತಿಷ್ಠಾನದ ಹಣದ ನೆರವಿನಿಂದ ಹಾರ್ವರ್ಡ್‌ನಲ್ಲಿ ಶುರುವಾದ ಪೂರ್ವ ಏಷ್ಯಾ ಸಂಶೋಧನಾ ಕೇಂದ್ರಕ್ಕೆ ಈಗ ಫೇರ್‌ಬ್ಯಾಂಕ್ ಅವರದೇ ಹೆಸರು.

ರಾಜಕೀಯದ ಬಿಸಿ ತಟ್ಟಿದಾಗ

ಬದುಕಿರುವ ದೇಶದ ಇತಿಹಾಸ ಬರೆಯುವವರನ್ನು ಸರ್ಕಾರ ಸುಮ್ಮನೆ ಬಿಡುವುದಿಲ್ಲ. 1941ರಲ್ಲಿ ಫೇರ್‌ಬ್ಯಾಂಕ್ ಅವರನ್ನು ಯುದ್ಧಕಾಲದ ಕೆಲಸಕ್ಕೆ ವಾಷಿಂಗ್ಟನ್ನಿಗೆ ಕರೆಸಿಕೊಂಡರು. 1942–43ರಲ್ಲಿ ಅವರು ಚೀನಾದ ಯುದ್ಧಕಾಲದ ರಾಜಧಾನಿ ಚೋಂಗ್‌ಚಿಂಗ್‌ನಲ್ಲಿದ್ದರು. ಆಗ ಚೀನಾವನ್ನು ಆಳುತ್ತಿದ್ದ, ಕಮ್ಯುನಿಸ್ಟರ ಎದುರಾಳಿ ಚಿಯಾಂಗ್ ಕೈ-ಶೇಕ್ ಸರ್ಕಾರ ಒಳಗಿನಿಂದ ಟೊಳ್ಳಾಗುತ್ತಿದ್ದುದನ್ನು ಕಂಡು ಹೇಳಿದವರಲ್ಲಿ ಅವರೂ ಒಬ್ಬರು.

1949ರಲ್ಲಿ ಕಮ್ಯುನಿಸ್ಟರು ಗೆದ್ದಾಗ ‘ಚೀನಾವನ್ನು ಕಳಕೊಂಡದ್ದು ಯಾರು?’ ಎಂಬ ಪ್ರಶ್ನೆ ಅಮೆರಿಕದಲ್ಲಿ ಎದ್ದಿತು. ಚಿಯಾಂಗ್ ಸೋಲುತ್ತಾನೆ ಎಂದು ಹೇಳಿದವರೇ ಸೋಲಿಸಿದವರು ಎಂಬಂತೆ ಬೆರಳುಗಳು ತಿರುಗಿದವು. ವಿದೇಶಾಂಗ ಇಲಾಖೆಯ ಚೀನಾ ಬಲ್ಲ ಅಧಿಕಾರಿಗಳು ಕೆಲಸ ಕಳಕೊಂಡರು. ವಿದ್ವಾಂಸ ಓವನ್ ಲ್ಯಾಟಿಮೋರ್ ಮೇಲೆ ಹೂಡಿದ ಮೊಕದ್ದಮೆ 1955ರಲ್ಲಿ ಬಿದ್ದುಹೋಗುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ಫೇರ್‌ಬ್ಯಾಂಕ್‌ಗೆ 1951ರಲ್ಲಿ ಜಪಾನಿಗೆ ಹೋಗಲು ಪರವಾನಗಿ ಸಿಗಲಿಲ್ಲ; 1952ರ ಮಾರ್ಚ್‌ನಲ್ಲಿ ಸೆನೆಟ್ ಉಪಸಮಿತಿಯ ಮುಂದೆ ಕೂತು ಉತ್ತರ ಕೊಡಬೇಕಾಯಿತು. ಹಾರ್ವರ್ಡ್‌ನ ಕೆಲಸ ಉಳಿಯಿತು.

ಆಮೇಲೆ ಗಾಳಿ ತಿರುಗಿತು. ಸೋವಿಯತ್ ಒಕ್ಕೂಟ 1957ರಲ್ಲಿ ಸ್ಪುಟ್ನಿಕ್ ಉಪಗ್ರಹ ಹಾರಿಸಿದ್ದಕ್ಕೆ ಬೆಚ್ಚಿದ ಅಮೆರಿಕ ಮರುವರ್ಷ ಹೊಸ ಶಿಕ್ಷಣ ಕಾನೂನು ಮಾಡಿ, ಚೀನೀಯಂಥ ಭಾಷೆಗಳ ಕಲಿಕೆಗೆ ಸರ್ಕಾರದ ಹಣ ಸುರಿಯಿತು. ಐದು ವರ್ಷದ ಹಿಂದೆ ಅನುಮಾನದ ವಿಷಯವಾಗಿದ್ದದ್ದು ವಿದ್ಯಾರ್ಥಿವೇತನದ ವಿಷಯವಾಯಿತು. ಆದರೆ ಚೀನಾದ ಬಾಗಿಲು ಮುಚ್ಚಿತ್ತು. ಎರಡು ದಶಕ ಅಮೆರಿಕದ ಚೀನಾ ವಿದ್ಯಾರ್ಥಿಗಳು ಭಾಷೆ ಕಲಿತದ್ದು ತೈವಾನಿನ ತೈಪೆಯಲ್ಲಿ, ಪತ್ರಿಕೆ ಓದಿ ನಿರಾಶ್ರಿತರನ್ನು ಮಾತಾಡಿಸಿದ್ದು ಹಾಂಗ್‌ಕಾಂಗ್‌ನಲ್ಲಿ. ಫೇರ್‌ಬ್ಯಾಂಕ್ ಮರಳಿ ಚೀನಾ ನೋಡಿದ್ದು 1972ರಲ್ಲಿ, ಅಮೆರಿಕದ ಅಧ್ಯಕ್ಷ ನಿಕ್ಸನ್ ಭೇಟಿಯ ನಂತರ.

ಎಡಗಡೆಯಿಂದಲೂ ಏಟು ಬಿತ್ತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಯುವ ಏಷ್ಯಾ ವಿದ್ವಾಂಸರು ಹಿರಿಯರನ್ನು ಸರ್ಕಾರದ ಸೇವಕರೆಂದು ಜರೆದರು. 1969ರ ಡಿಸೆಂಬರ್‌ನಲ್ಲಿ ಅಮೆರಿಕನ್ ಇತಿಹಾಸ ಸಂಘದ ಸಭೆಯಲ್ಲಿ ಯುದ್ಧ ವಿರೋಧಿ ನಿರ್ಣಯದ ಗದ್ದಲದ ನಡುವೆ, ಅದರ ಹಿಂದಿನ ವರ್ಷವಷ್ಟೇ ಸಂಘದ ಅಧ್ಯಕ್ಷರಾಗಿದ್ದ ಅರವತ್ತೆರಡರ ಫೇರ್‌ಬ್ಯಾಂಕ್, ನಿರ್ಣಯದ ಪರವಿದ್ದ ಇತಿಹಾಸಕಾರ ಹೊವರ್ಡ್ ಜಿನ್ ಕೈಯಿಂದ ಮೈಕನ್ನು ಎಳೆದಾಡಿ ಕಿತ್ತುಕೊಂಡರು. ಯುದ್ಧ ತಪ್ಪು ಎನ್ನುವುದರಲ್ಲಿ ಅವರಿಗೆ ತಕರಾರಿರಲಿಲ್ಲ. ವಿದ್ವತ್ಸಂಘ ರಾಜಕೀಯ ನಿರ್ಣಯ ಮಾಡಬಾರದು ಎಂಬುದು ಅವರ ಪಟ್ಟು.

ಗುರುವಿನ ಚೌಕಟ್ಟನ್ನು ಶಿಷ್ಯರು ಬಿಚ್ಚಿದ್ದು

ಫೇರ್‌ಬ್ಯಾಂಕ್ ಕೊಟ್ಟ ಎರಡು ಚೌಕಟ್ಟುಗಳು ಬಹಳ ಕಾಲ ನಡೆದವು. ಒಂದು, ಪಶ್ಚಿಮ ತಟ್ಟಿತು, ಚೀನಾ ಪ್ರತಿಕ್ರಿಯಿಸಿತು ಎಂಬುದು. ಇನ್ನೊಂದು ಕಪ್ಪಕಾಣಿಕೆಯ ವ್ಯವಸ್ಥೆ: ನೆರೆಯ ರಾಜ್ಯಗಳು ಚಕ್ರವರ್ತಿಗೆ ಕಪ್ಪ ಒಪ್ಪಿಸಿ ವ್ಯಾಪಾರದ ಅನುಮತಿ ಪಡೆಯುವ ಪದ್ಧತಿಯೇ ಚೀನಾದ ವಿದೇಶ ನೀತಿಯ ತಳಹದಿ ಎಂಬುದು. ಎರಡೂ ತರಗತಿಗೆ ಹೇಳಿ ಮಾಡಿಸಿದಂತಿವೆ, ಒಂದೇ ಗಂಟೆಯಲ್ಲಿ ವಿವರಿಸಬಹುದು. ತೊಡಕು ಇರುವುದೂ ಅಲ್ಲಿಯೇ.

ಮೊದಲನೆಯದರಲ್ಲಿ ಚೀನಾ ತಾನಾಗಿ ಏನೂ ಮಾಡದೆ ಏಟಿಗೆ ಕಾಯುತ್ತ ಕೂತಂತೆ ಕಾಣುತ್ತದೆ; ಜನಸಂಖ್ಯೆಯ ಒತ್ತಡ, ಒಳನಾಡಿನ ಬಂಡಾಯ, ತೆರಿಗೆಯ ಬಿಕ್ಕಟ್ಟು ಇವೆಲ್ಲ ಹಡಗು ಬರುವ ಮೊದಲೇ ಶುರುವಾಗಿದ್ದವು. ಇದನ್ನು 1984ರಲ್ಲಿ ಪುಸ್ತಕ ಬರೆದು ತೋರಿಸಿದವರು ಅವರ ಶಿಷ್ಯ ಪಾಲ್ ಕೊಹೆನ್ ಅವರೇ. ಎರಡನೆಯದಕ್ಕೆ ಏಟು ಬಿದ್ದದ್ದು ಭಾಷೆಯ ಕಡೆಯಿಂದ. ಚಿಂಗ್ ದೊರೆಗಳು ಮಂಚೂ ಜನ. ಮಂಚೂ ಭಾಷೆಯ ದಾಖಲೆಗಳನ್ನು ಓದತೊಡಗಿದವರಿಗೆ ಮಂಗೋಲರು, ಟಿಬೆಟನ್ನರು, ರಷ್ಯನ್ನರ ಜೊತೆ ಅದೇ ಆಸ್ಥಾನ ಬೇರೆಯೇ ರೀತಿ ವ್ಯವಹರಿಸಿದ್ದು ಕಂಡಿತು. ದಕ್ಷಿಣದ ಬಂದರಿನ ಚೀನೀ ಕಾಗದ ನೋಡಿ ಇಡೀ ಸಾಮ್ರಾಜ್ಯದ ನೀತಿ ಹೇಳಿದ್ದು ಅತಿಯಾಯಿತು. ಫೇರ್‌ಬ್ಯಾಂಕ್ ಹಟ ಹಿಡಿಯಲಿಲ್ಲ. ಹೊಸಬರ ಸಂಶೋಧನೆಯನ್ನು ಒಳಗೊಂಡು ಚೀನಾದ ಇತಿಹಾಸವನ್ನು ಮತ್ತೆ ಬರೆದರು. 1991ರ ಸೆಪ್ಟೆಂಬರ್‌ನಲ್ಲಿ ಆ ಹಸ್ತಪ್ರತಿಯನ್ನು ಪ್ರಕಾಶಕರಿಗೆ ಒಪ್ಪಿಸಿದ ಬೆನ್ನಿಗೇ ಹೃದಯಾಘಾತದಿಂದ ತೀರಿಕೊಂಡರು.

ಈಗ ಈ ದಾರಿ ಹಿಡಿಯುವವರಿಗೆ

ಆಧುನಿಕ ಚೀನೀ ಭಾಷೆಗೆ ಕನಿಷ್ಠ ನಾಲ್ಕು ವರ್ಷ, ಅದರಲ್ಲಿ ಒಂದನ್ನು ತೈಪೆಯಲ್ಲೋ ಬೀಜಿಂಗಿನಲ್ಲೋ ಕಳೆಯಬೇಕು. 1911ಕ್ಕಿಂತ ಹಿಂದಿನ ಕಾಲಕ್ಕೆ ಹಳೆಯ ಗ್ರಾಂಥಿಕ ಚೀನೀಯೂ ಬೇಕು. ಹೊಸಗನ್ನಡ ಬಲ್ಲವರಿಗೆ ಪಂಪನನ್ನು ಓದಲು ಬೇಕಾಗುವ ತಯಾರಿಯಷ್ಟು. ಚೀನಾ ವಿಷಯದ ಸಂಶೋಧನೆಗೆ ಜಪಾನೀ ಓದಲು ಬರಬೇಕೆಂದು ಎಷ್ಟೋ ವಿಭಾಗಗಳು ಕೇಳುತ್ತವೆ. ಡಾಕ್ಟರೇಟ್ ಮುಗಿಯಲು ಆರರಿಂದ ಎಂಟು ವರ್ಷ ಹಿಡಿಯುತ್ತದೆ. ಸಹಾಯಕ ಪ್ರಾಧ್ಯಾಪಕರ ಕೆಲಸ ಸಿಕ್ಕ ಸುಮಾರು ಆರು ವರ್ಷದೊಳಗೆ ಪ್ರಬಂಧ ಪುಸ್ತಕವಾಗಬೇಕು; ಆಗದಿದ್ದರೆ ಕಾಯಂ ಆಗುವುದಿಲ್ಲ, ಹೊರನಡೆಯಬೇಕು. ಫೇರ್‌ಬ್ಯಾಂಕ್ ತೆಗೆದುಕೊಂಡ ಹದಿನೇಳು ವರ್ಷವನ್ನು ಇವತ್ತು ಯಾವ ವಿಭಾಗವೂ ಕೊಡುವುದಿಲ್ಲ.

ಹೆಸರುಗಳ ಕಾಟ ಬೇರೆ. ಹಳೆಯ ಪುಸ್ತಕದ ‘ತ್ಸಿಯಾಂಗ್ ತಿಂಗ್-ಫು’ ಮತ್ತು ಹೊಸ ಪುಸ್ತಕದ ‘ಜಿಯಾಂಗ್ ತಿಂಗ್‌ಫು’ ಒಬ್ಬರೇ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಸೂಚಿಗಳನ್ನು, ಚೀನೀ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ಚೀನಾ ಸರ್ಕಾರದ ಪಿನ್‌ಯಿನ್ ಕಾಗುಣಿತಕ್ಕೆ ಬದಲಿಸಿದ್ದೇ 2000ದಲ್ಲಿ. ಎರಡೂ ರೂಪದಲ್ಲಿ ಹುಡುಕದಿದ್ದರೆ ಅರ್ಧ ಸಾಮಗ್ರಿ ಕೈತಪ್ಪುತ್ತದೆ.

ದಾಖಲೆ ಎಲ್ಲಿ ಸಿಗುತ್ತದೆ ಎಂಬುದು ರಾಜಕೀಯಕ್ಕೆ ತಕ್ಕಂತೆ ಬದಲಾಗುತ್ತದೆ. ಚಿಂಗ್ ಕಾಲದ ಕಾಗದ ಬೀಜಿಂಗಿನ ಮೊದಲ ಐತಿಹಾಸಿಕ ಪತ್ರಾಗಾರದಲ್ಲಿದೆ. ಚಿಂಗ್ ವಿದೇಶಾಂ‌ಗ ಕಚೇರಿಯ ಕಡತಗಳು ತೈಪೆಯ ಅಕಾಡೆಮಿಯಾ ಸಿನಿಕಾ ಎಂಬ ಸಂಶೋಧನಾ ಸಂಸ್ಥೆಯಲ್ಲಿವೆ. ಅಮೆರಿಕದ ವ್ಯಾಪಾರಿ ಕಂಪನಿಗಳ, ಮಿಷನರಿಗಳ ಪತ್ರಗಳ ದೊಡ್ಡ ಸಂಗ್ರಹ ಹಾರ್ವರ್ಡ್‌ನ ಗ್ರಂಥಾಲಯಗಳಲ್ಲಿದೆ. 1949ರ ನಂತರದ ವಿಷಯಕ್ಕೆ ಬಂದರೆ, ಬೀಜಿಂಗಿನ ವಿದೇಶಾಂಗ ಸಚಿವಾಲಯ 2004ರಿಂದ ತೆರೆದಿಟ್ಟಿದ್ದ ಪತ್ರಾಗಾರವನ್ನು 2012–13ರ ಹೊತ್ತಿಗೆ ಬಹುಮಟ್ಟಿಗೆ ಮುಚ್ಚಿತು. ಅದಕ್ಕೂ ಮೊದಲು ನಕಲು ಮಾಡಿಕೊಂಡವರ ಟಿಪ್ಪಣಿಗಳೇ ಈಗ ಆಸ್ತಿ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಮುಖ್ಯ ಪತ್ರಗಳನ್ನು 1861ರಿಂದ ಸಂಪುಟಗಳಾಗಿ ಪ್ರಕಟಿಸುತ್ತಿದೆ. ಘಟನೆ ನಡೆದ 30 ವರ್ಷದೊಳಗೆ ಪ್ರಕಟವಾಗಬೇಕು ಎಂದು 1991ರ ಕಾನೂನು ಹೇಳುತ್ತದೆ, ಪ್ರಕಟಣೆ ಅದಕ್ಕಿಂತ ಹಿಂದೆ ಬೀಳುವುದೇ ಹೆಚ್ಚು. ಆ ಲೆಕ್ಕದಲ್ಲಿ 2025ರ ಜಿನೀವಾ ಮಾತುಕತೆಯ ಸಂಪುಟ ಈ ವಿಷಯದ ವಿದ್ಯಾರ್ಥಿಯ ಕೈಗೆ ಬರುವುದು 2055ರ ಆಸುಪಾಸಿನಲ್ಲಿ, ಇಲ್ಲವೇ ಇನ್ನೂ ತಡವಾಗಿ. ಚೀನಾದ ಕಡೆಯ ಪ್ರತಿಗೆ ತಾರೀಖು ಗೊತ್ತಾಗಿಲ್ಲ.